ಸನ್ಯಾಸಿ ಏಡಿಯ ನೀರಿನ ತೊಟ್ಟಿಯಲ್ಲಿ ಜೀವಂತ ಜಲಸಸ್ಯ ಬೆಳೆಸುವ ಕ್ರಮ

ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳನ್ನು, ಎಂದರೆ ಅಂಗಡಿಯವರು ಹರ್ಮಿಟ್ ಕ್ರ್ಯಾಬ್ ಎಂದು ಮಾರುವವನ್ನು, ಸಾಕುವಾಗ ಗಾಜಿನ ಪೆಟ್ಟಿಗೆಯಲ್ಲಿ ಎರಡು ನೀರಿನ ತೊಟ್ಟಿಗಳಿರಬೇಕು: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಕಡಲಿನಷ್ಟೇ ಉಪ್ಪಿರುವ ನೀರು. ಏಡಿ ಈ ನೀರನ್ನು ಚಿಪ್ಪಿನೊಳಗೆ ತುಂಬಿಕೊಂಡು ಹೋಗಿ ಅದರಿಂದಲೇ ತನ್ನ ಕಿವಿರುಗಳನ್ನು ಒದ್ದೆಯಾಗಿ ಇಟ್ಟುಕೊಳ್ಳುವುದರಿಂದ, ತೊಟ್ಟಿಯಲ್ಲಿ ಕರಗಿದ್ದೆಲ್ಲ ಅದರ ಮೈಗೂ ಸೇರುತ್ತದೆ. ತೊಟ್ಟಿಗೆ ಹಸಿರು ಗಿಡ ಇಡಬೇಕೆಂದಿರುವವರು ಯಾವ ಗಿಡ ಒಳ್ಳೆಯದೆಂದು ವಿಚಾರಿಸುವುದು ವಾಡಿಕೆ; ಕಾಸರಗೋಡಿನಂಥ ಅಡಿಕೆಯ ಸೀಮೆಯಲ್ಲಿ ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ಗಿಡ ಎಲ್ಲಿಂದ ಬಂತೆಂಬುದನ್ನು.

ಇದಕ್ಕೆ ಕಾರಣ ತಾಮ್ರ. ಕೊಳೆರೋಗವನ್ನು ತಡೆಯಲು ನಮ್ಮ ತೋಟಗಳಲ್ಲಿ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40–45 ದಿನ ಕಳೆದು ಇನ್ನೊಮ್ಮೆ, ಶೇಕಡಾ 1ರ ಬೋರ್ಡೋ ಮಿಶ್ರಣವನ್ನು ಹೊಡೆಯುತ್ತಾರೆ; ಅದರಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಗೊನೆಯಿಂದ ತೊಳೆದುಹೋದ ಮದ್ದು ನೆಲಕ್ಕಿಳಿದು, ಮಳೆನೀರಿನೊಡನೆ ತೋಟದ ಕೆರೆಗೂ ತೋಡಿಗೂ ಸೇರುತ್ತದೆ. ಜಲಸಸ್ಯಗಳು ನೀರಿನ ತಾಮ್ರವನ್ನು ಹೀರಿ ತಮ್ಮೊಳಗೆ ಕೂಡಿಡುತ್ತವೆ. ಏಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಸಯನಿನ್‌ನಲ್ಲೇ ತಾಮ್ರವಿದೆಯೆಂಬುದು ನಿಜ. ಆದರೆ ನೀರಿನಲ್ಲಿ ಅದು ಸ್ವಲ್ಪ ಹೆಚ್ಚಾದರೂ ಕಿವಿರುಗಳು ಕೆಡುತ್ತವೆ. ಆದಕಾರಣ ಅಡಿಕೆ ತೋಟದ ಕೆರೆಯಲ್ಲಿ ಎಷ್ಟೇ ಸೊಂಪಾದ ಹೈಡ್ರಿಲ್ಲಾ ಎಂಬ ಜಲಸಸ್ಯ ಕಂಡರೂ ಅದನ್ನು ತರಬಾರದು; ಎಲೆಯ ಮೇಲಿನ ಮದ್ದು ತೊಳೆದರೆ ಹೋದೀತು, ಒಳಗೆ ಸೇರಿದ್ದು ಹೋಗುವುದಿಲ್ಲ. ಹಸುವಿಗೆಂದು ಸಗಣಿ, ಸೂಪರ್ ಫಾಸ್ಫೇಟ್ ಹಾಕಿ ಬೆಳೆಸುವ ಅಜೋಲ್ಲಾ ಎಂಬ ತೇಲುವ ಗಿಡವನ್ನೂ ನೇರವಾಗಿ ಏಡಿಯ ತೊಟ್ಟಿಗೆ ಹಾಕುವಂತಿಲ್ಲ. ಮಳೆಗಾಲದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಪಾರೆಯ, ಎಂದರೆ ಬಯಲು ಬಂಡೆಯ, ಹೊಂಡಗಳಲ್ಲಿ ಚಿಗುರುವ ಪುಟ್ಟ ಗಿಡಗಳಿಗೆ ಮದ್ದಿನ ಸೋಂಕು ಇರಲಿಕ್ಕಿಲ್ಲವಾದರೂ, ಅವುಗಳಲ್ಲಿ ಬೇರೆಲ್ಲೂ ಸಿಗದ ಜಾತಿಗಳಿರುವುದರಿಂದ ಅವನ್ನು ಅಲ್ಲಿಯೇ ಬಿಡಬೇಕು.

ಹಾಗಾದರೆ ಅಕ್ವೇರಿಯಂ ಅಂಗಡಿಯೊಂದೇ ದಾರಿ. ಅಲ್ಲಿಯೂ ಬಸವನಹುಳ ಕೊಲ್ಲುವ ಮದ್ದನ್ನೋ ಮೀನಿನ ರೋಗದ ಔಷಧವನ್ನೋ ಆ ತೊಟ್ಟಿಗೆ ಹಾಕಿದ್ದಾರೆಯೇ ಎಂದು ಕೇಳಿ ತಿಳಿಯಬೇಕು, ಏಕೆಂದರೆ ಅವುಗಳಲ್ಲಿಯೂ ಹಲವು ತಾಮ್ರದವೇ. ತಂದ ಗಿಡದ ಎಲೆಯಡಿಯಲ್ಲಿ ಅಂಟಿದ ಲೋಳೆಯಂಥ ಮೊಟ್ಟೆಗಳನ್ನು ಬೆರಳಿನಿಂದ ಒರೆಸಿ ತೆಗೆದು, ಬೇರೆ ಬಕೆಟಿನಲ್ಲಿ ಎರಡು ಮೂರು ವಾರ ಇಟ್ಟು, ಆಗಾಗ ನೀರು ಬದಲಿಸಿ, ಆಮೇಲೆ ಬಳಸಬೇಕು. ಬಕೆಟಿನ ಬಾಯಿಗೆ ಬಲೆ ಕಟ್ಟದಿದ್ದರೆ ಮನೆಯೊಳಗೆ ಸೊಳ್ಳೆ ಸಾಕಿದಂತಾಗುತ್ತದೆ.

ಗಿಡಗಳಲ್ಲಿ ಮೊದಲ ಸ್ಥಾನ ಜಾವಾ ಪಾಚಿಯದು. ಇದಕ್ಕೆ ಮಣ್ಣು ಬೇಡ, ಹೆಚ್ಚು ಬೆಳಕೂ ಬೇಡ. ಕಲ್ಲಿಗೆ ಹತ್ತಿಯ ನೂಲಿನಿಂದ ಸಡಿಲವಾಗಿ ಕಟ್ಟಿದರೆ ಅಂಟಿಕೊಂಡು ಬೆಳೆಯುತ್ತದೆ. ನೈಲಾನ್ ದಾರ ಕಟ್ಟಿದರೆ ಏಡಿಯ ಕಾಲು ಸಿಕ್ಕಿಕೊಳ್ಳುವ ಅಪಾಯವಿದೆ. ಜಾವಾ ಫರ್ನ್ ಕೂಡ ಆಗುತ್ತದೆ, ಅದರ ಗಡ್ಡೆಯನ್ನು ಮರಳಿನಲ್ಲಿ ಹೂಳಬಾರದು. ಹಾರ್ನ್‌ವರ್ಟ್ ಬೇಗ ಬೆಳೆಯುತ್ತದೆ. ಅಂತರಗಂಗೆಯಲ್ಲಿ ಚುಚ್ಚುವ ಆಕ್ಸಲೇಟ್ ಹರಳುಗಳಿರುವುದರಿಂದ ಅದು ಬೇಡ. ಮರಳಿನಲ್ಲಿ ಬೇರೂರಬೇಕಾದ ಗಿಡಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಏಡಿ ಒಂದೇ ರಾತ್ರಿಯಲ್ಲಿ ಅವನ್ನು ಕಿತ್ತು ತೇಲಿಸುತ್ತದೆ, ಮರಳಿನಡಿ ಉಳಿದ ಬೇರು ಕೊಳೆಯುತ್ತದೆ.

ರಾತ್ರಿ ಮಂದ ಬೆಳಕಿನಲ್ಲಿ ಗಮನಿಸಿದರೆ ಜಾವಾ ಪಾಚಿಯ ಉಪಯೋಗ ತಿಳಿಯುತ್ತದೆ. ಏಡಿ ತನ್ನ ಎಡಬದಿಯ ದೊಡ್ಡ ಕೊಂಬನ್ನು, ಎಂದರೆ ಇಕ್ಕುಳದಂಥ ಕಾಲನ್ನು, ಕಲ್ಲಿಗೆ ಊರಿ, ಬಲಗಡೆಯ ಚಿಕ್ಕ ಕೊಂಬಿನಿಂದ ಪಾಚಿಯ ಎಳೆಗಳನ್ನು ಒಂದೊಂದಾಗಿ ಚಿವುಟಿ ಬಾಯಿಗೆ ಕೊಡುತ್ತದೆ. ಮೇಲೆ ಬರುವಾಗ ಅದೇ ಪಾಚಿ ಕಾಲಿಗೆ ಆಸರೆಯಾಗುತ್ತದೆ. ಇದು ಅಂದಕ್ಕಿಂತ ಮುಖ್ಯ. ತೊಟ್ಟಿಯ ಆಳ ಅತಿ ದೊಡ್ಡ ಏಡಿಯ ಚಿಪ್ಪು ಮುಳುಗುವಷ್ಟಿದ್ದರೆ, ಅತಿ ಚಿಕ್ಕದು ಹತ್ತಿ ಬರುವಷ್ಟು ದೊರಗಾದ ಇಳಿಜಾರೂ ಇರಲೇಬೇಕು, ಏಕೆಂದರೆ ಹೊರಬರಲಾಗದ ನೆಲದ ಏಡಿ ನೀರಿನಲ್ಲಿ ಮುಳುಗಿ ಸಾಯುತ್ತದೆ. ಗಿಡ ಈ ಇಳಿಜಾರನ್ನು ಮುಚ್ಚದಂತೆ ಕತ್ತರಿಸುತ್ತಿರಬೇಕು. ಒಂದೇ ಅಳತೆಯ ಎರಡು ಪಾಚಿಗಲ್ಲುಗಳನ್ನು ಮಾಡಿಟ್ಟು, ಏಡಿಗಳು ಬೋಳಿಸಿದ್ದನ್ನು ಬಕೆಟಿಗೆ ಹಾಕಿ, ಚಿಗುರಿದ್ದನ್ನು ತೊಟ್ಟಿಗೆ ತಂದರೆ ಹಸಿರು ಬತ್ತುವುದಿಲ್ಲ. ಬಕೆಟಿಗೂ ರಾಸಾಯನಿಕ ಗೊಬ್ಬರ ಬೇಡ.

ಗಿಡವಿದೆಯೆಂದು ನೀರು ಬದಲಿಸುವುದನ್ನು ನಿಲ್ಲಿಸುವವರಿದ್ದಾರೆ. ಅಂಗೈಯಗಲದ ಪಾಚಿ ಹೀರುವ ಅಮೋನಿಯ (ಹೊಲಸು ಕೊಳೆತಾಗ ಹುಟ್ಟುವ ವಿಷ) ಅಲ್ಪ. ಏಡಿಗಳು ತೊಟ್ಟಿಗೆ ಎಳೆದು ತರುವ ಮಣ್ಣು, ಹಿಕ್ಕೆ, ಎಂಜಲು ಅದಕ್ಕಿಂತ ಬಹಳ ಹೆಚ್ಚು. ಸಣ್ಣ ಸ್ಪಂಜ್ ಫಿಲ್ಟರ್ ಇಲ್ಲದಿದ್ದರೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಲೇಬೇಕು. ನಮ್ಮ ಸುರಂಗದ, ಎಂದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ, ನೀರಿಗೆ ಕ್ಲೋರಿನ್ ಬೆರೆಸುವ ರೂಢಿಯಿಲ್ಲದ ಕಾರಣ ಅದು ಈ ಕೆಲಸಕ್ಕೆ ಉತ್ತಮ. ಮುರಕಲ್ಲಿನ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯೆಂಬುದರಿಂದ ಸುಣ್ಣಕ್ಕಾಗಿ ಕಪ್ಪೆಬೊಂಡಾಸಿನ (ಕಟಲ್‌ಫಿಶ್‌ನ) ಒಳಚಿಪ್ಪನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿ ಇಡಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಕನಿಷ್ಠ ಒಂದು ದಿನ ತೆರೆದಿಟ್ಟು ಬಳಸಬಹುದು. ನಲ್ಲಿನೀರಿನಲ್ಲಿ ಕ್ಲೋರಮೈನ್ (ಕ್ಲೋರಿನ್, ಅಮೋನಿಯ ಕೂಡಿದ್ದು) ಇದ್ದರೆ ಹಾಗೆ ಇಟ್ಟರೆ ಸಾಲದು, ಅದಕ್ಕೆ ಅಕ್ವೇರಿಯಂ ಕಂಡೀಷನರ್ ಬೇಕು.

ಉಪ್ಪುನೀರಿನ ತೊಟ್ಟಿಯಲ್ಲಿ ಮೇಲೆ ಹೇಳಿದ ಯಾವ ಗಿಡವೂ ಉಳಿಯುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಿನಲ್ಲಿ ಅವು ಕೆಲವೇ ದಿನಗಳಲ್ಲಿ ಕೊಳೆತು ತೊಟ್ಟಿಯನ್ನು ಕೆಡಿಸುತ್ತವೆ. ಹಸಿರೇ ಬೇಕೆಂದರೆ ಕೀಟೊಮಾರ್ಫಾ ಎಂಬ ತಂತಿಯಂಥ ಕಡಲಪಾಚಿಯನ್ನು ಹಿಡಿಯಷ್ಟು ಇಡಬಹುದು. ಅದಕ್ಕೆ ಒಳ್ಳೆಯ ಬೆಳಕು ಬೇಕು. ಬಿಡುವಿಲ್ಲದವರು ಈ ತೊಟ್ಟಿಯನ್ನು ಬರಿದಾಗಿ ಬಿಡುವುದೇ ಮೇಲು. ನೀರನ್ನು ಅಡುಗೆ ಉಪ್ಪಿನಿಂದ ಮಾಡದೆ ಅಕ್ವೇರಿಯಂನ ಕಡಲುಪ್ಪಿನಿಂದ ಮಾಡಬೇಕು. ಕಡಲಿನಿಂದಲೇ ತರುವವರು ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಯಿಂದ ದೂರ ಹೋಗಿ ತರಬೇಕು. ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆಯಾಗಿರುತ್ತದೆ. ಆವಿಯಾಗಿ ಕಡಿಮೆಯಾದುದನ್ನು ಸಿಹಿನೀರಿನಿಂದ ತುಂಬಬೇಕು, ಉಪ್ಪುನೀರನ್ನೇ ಸುರಿಯುತ್ತಾ ಹೋದರೆ ಉಪ್ಪು ಏರುತ್ತದೆ.

ಕತ್ತರಿಸಿ ತೆಗೆದ ಗಿಡವನ್ನು ತೋಡಿಗೆ ಎಸೆಯಬಾರದು. ಅಕ್ವೇರಿಯಂನ ಕಬೊಂಬ ಎಂಬ ಜಲಸಸ್ಯ ಕೇರಳದ ಕಾಲುವೆಗಳಲ್ಲಿ ಹಬ್ಬಿ ನೀರಿನ ದಾರಿಯನ್ನೇ ಕಟ್ಟಿದ್ದನ್ನು ಎಲ್ಲರೂ ಕಂಡಿದ್ದಾರೆ. ಅಂಗಳದ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿದರಾಯಿತು.