ಮೀನಿಗೆ ಮದ್ದು, ಕಡಲ ಮರಿಗೆ ವಿಷವೇ? ಪರೀಕ್ಷೆ ಮಾಡುವುದು ಹೀಗೆ

ಕಡಲಲ್ಲಿ ಪಂಜರ ಕಟ್ಟಿ ಸಾಲ್ಮನ್ ಸಾಕುವವರಿಗೆ ದೊಡ್ಡ ತಲೆನೋವು ಎಂದರೆ ಸೀ ಲೈಸ್, ಅಂದರೆ ಮೀನಿನ ಹೇನು. ಅದನ್ನು ಕೊಲ್ಲಲು ಅಜಾಮೆಥಿಫಾಸ್, ಡೆಲ್ಟಾಮೆಥ್ರಿನ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ ಮೀನಿಗೆ ಸ್ನಾನ ಮಾಡಿಸುತ್ತಾರೆ. ಆಮೇಲೆ ಆ ನೀರು ಹೋಗುವುದು ಕಡಲಿಗೇ ಅಲ್ವಾ? ಅಲ್ಲಿರುವ ಮೊಟ್ಟೆ-ಮರಿಗಳಿಗೆ ಏನಾಗುತ್ತದೆ ಎಂದು ನೋಡಲು ಸೀ ಅರ್ಚಿನ್ ತುಂಬಾ ಅನುಕೂಲದ ಜೀವಿ. ಮೈತುಂಬ ಮುಳ್ಳಿರುವ ಚೆಂಡು ಅದು. ಅದರ ಭ್ರೂಣ 48 ಗಂಟೆಯಲ್ಲಿ ಉತ್ತರ ಹೇಳುತ್ತದೆ.

ಮೊದಲು ದ್ರಾವಣ ಸಿದ್ಧ ಮಾಡಿಕೊಳ್ಳಿ. ಪಂಜರದಲ್ಲಿ ಬಳಸುವ ಪ್ರಮಾಣವನ್ನೇ ಮೇಲಿನ ಮಿತಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅಜಾಮೆಥಿಫಾಸ್ ಆದರೆ ಲೀಟರಿಗೆ 100 ಮೈಕ್ರೋಗ್ರಾಂ. ಅಲ್ಲಿಂದ ಅರ್ಧರ್ಧ ಮಾಡುತ್ತಾ 50, 25, 12.5 ಎಂದು ಇಳಿಯಿರಿ. ಗಾಜಿನ ಪಾತ್ರೆಯನ್ನೇ ಬಳಸಿ. ಡೆಲ್ಟಾಮೆಥ್ರಿನ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ನೀರಿನಲ್ಲಿ ಕಡಿಮೆಯಾಗಿಬಿಡುತ್ತದೆ. ಆಗ ಮರಿ ಚೆನ್ನಾಗಿದೆ ಎಂದು ನೀವು ಸುಮ್ನೆ ಖುಷಿಪಡುತ್ತೀರಿ, ಅಷ್ಟೇ.

ಈಗ ಮೊಟ್ಟೆ. ಪ್ರಾಯಕ್ಕೆ ಬಂದ ಅರ್ಚಿನ್‌ನ ಬಾಯಿಯ ಸುತ್ತಲಿನ ಮೆತ್ತನೆ ಪೊರೆಯ ಮೂಲಕ 0.5 ಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣ ಚುಚ್ಚಿ. ಕೆಲವೇ ನಿಮಿಷದಲ್ಲಿ ನೆತ್ತಿಯ ರಂಧ್ರಗಳಿಂದ ಮೊಟ್ಟೆ ಅಥವಾ ವೀರ್ಯ ಒಸರತೊಡಗುತ್ತದೆ. ಬಿಳಿ ಹಾಲಿನಂತಿದ್ದರೆ ಗಂಡು, ಹಳದಿ-ಕಿತ್ತಳೆ ಬಣ್ಣವಿದ್ದರೆ ಸಾಮಾನ್ಯವಾಗಿ ಹೆಣ್ಣು. ಹೆಣ್ಣನ್ನು ಕಡಲ ನೀರು ತುಂಬಿದ ಬೀಕರಿನ ಮೇಲೆ ಬೋರಲು ಹಾಕಿ, ಮೊಟ್ಟೆ ತಾನೇ ಕೆಳಗಿಳಿಯುತ್ತದೆ. ವೀರ್ಯವನ್ನು ಮಾತ್ರ ನೀರು ಸೋಕಿಸದೆ ಹೀರಿ ಐಸ್ ಮೇಲಿಡಿ. ನೀರು ತಾಗಿದ ಕೂಡಲೇ ವೀರ್ಯಾಣುಗಳು ಈಜಲು ಶುರುಮಾಡಿ ಸುಸ್ತಾಗಿಬಿಡುತ್ತವೆ.

ಬೆರೆಸುವಾಗ ಕೈ ಬಿಗಿಯಿರಲಿ. ವೀರ್ಯ ಜಾಸ್ತಿಯಾದರೆ ಒಂದೇ ಮೊಟ್ಟೆಗೆ ಎರಡು ಮೂರು ವೀರ್ಯಾಣು ನುಗ್ಗಿ ಭ್ರೂಣ ಅಡ್ಡಾದಿಡ್ಡಿ ಒಡೆಯುತ್ತದೆ. ನೋಡಿದವರಿಗೆ ಅದು ವಿಷದ ಕೆಲಸ ಎನಿಸುತ್ತದೆ! ಬೆರೆಸಿದ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ಒಂದೆರಡು ನಿಮಿಷದಲ್ಲಿ ಮೊಟ್ಟೆಯ ಸುತ್ತ ತೆಳ್ಳನೆಯ ಪೊರೆ ಎದ್ದು ನಿಲ್ಲುತ್ತದೆ. ದುಂಡು ಮೊಟ್ಟೆಗೆ ಗಾಜಿನ ಬಳೆ ತೊಡಿಸಿದ ಹಾಗೆ. ನೂರರಲ್ಲಿ 95ಕ್ಕಾದರೂ ಈ ಬಳೆ ಕಾಣದಿದ್ದರೆ ಆ ಜೋಡಿಯನ್ನು ಬಿಟ್ಟು ಬೇರೆ ಜೋಡಿ ತೆಗೆದುಕೊಳ್ಳಿ.

ಮೊಟ್ಟೆ ಎರಡಾಗಿ ಒಡೆಯುವ ಮೊದಲೇ ದ್ರಾವಣಗಳಿಗೆ ಹಾಕಿ. ಮಿಲಿಲೀಟರಿಗೆ 20ರಿಂದ 40 ಭ್ರೂಣ ಸಾಕು. ಯುರೋಪಿನ ಕಡಲ ಅರ್ಚಿನ್ ಆದರೆ 20 ಡಿಗ್ರಿ ಸೆಲ್ಸಿಯಸ್, ಕತ್ತಲು, 48 ಗಂಟೆ. ಜೊತೆಗೆ ಬರೀ ಕಡಲ ನೀರಿನ ಪಾತ್ರೆಗಳೂ ಇರಲೇಬೇಕು. ಮದ್ದನ್ನು ಅಸಿಟೋನ್‌ನಲ್ಲಿ ಕರಗಿಸಿದ್ದರೆ ಬರೀ ಅಸಿಟೋನ್ ಹಾಕಿದ ಪಾತ್ರೆ ಬೇರೆ. ಇಡೀ ಪರೀಕ್ಷೆಯ ಮರ್ಯಾದೆ ನಿಂತಿರುವುದು ಈ ಸಪ್ಪೆ ಪಾತ್ರೆಗಳ ಮೇಲೆ. ಅವುಗಳಲ್ಲೇ ಮರಿಗಳು ಕೆಟ್ಟಿದ್ದರೆ ಮದ್ದನ್ನು ದೂರಬೇಡಿ, ಎಲ್ಲ ಚೆಲ್ಲಿ ಮತ್ತೆ ಶುರುಮಾಡಿ.

ಸಮಯ ಮುಗಿದಾಗ ಕೆಲವು ಹನಿ ಫಾರ್ಮಲಿನ್ ಹಾಕಿ, ಪ್ರತಿ ಪಾತ್ರೆಯಿಂದ 100 ಮರಿ ಎಣಿಸಿ. ಸರಿಯಾಗಿ ಬೆಳೆದದ್ದು ನಾಲ್ಕು ಕಾಲಿನ ಸ್ಟೂಲನ್ನು ತಲೆಕೆಳಗು ಮಾಡಿದಂತೆ ಕೈಗಳನ್ನು ಚಾಚಿರುತ್ತದೆ. ಕೈ ಮೊಂಡಾಗಿದ್ದರೆ, ಒಂದರ ಮೇಲೊಂದು ಹೆಣೆದಿದ್ದರೆ ಅಥವಾ ಇನ್ನೂ ಉಂಡೆಯಾಗೇ ಇದ್ದರೆ ಅದು ಕೆಟ್ಟದ್ದರ ಲೆಕ್ಕಕ್ಕೆ.

ಲೆಕ್ಕದಲ್ಲಿ ಒಂದು ಎಚ್ಚರ. ಬರೀ ನೀರಿನಲ್ಲಿ 90 ಸರಿ, ಮದ್ದಿನ ನೀರಿನಲ್ಲಿ 45 ಸರಿ ಎಂದುಕೊಳ್ಳಿ. ಮದ್ದಿನಿಂದಾದ ಹಾನಿ 55 ಅಲ್ಲ. 90ರಲ್ಲಿ 45 ಹೋಯಿತು, ಅಂದರೆ ಶೇ 50. ಅರ್ಧದಷ್ಟು ಮರಿ ಕೆಡುವ ಆ ಪ್ರಮಾಣವನ್ನೇ ಇಸಿ50 ಎನ್ನುತ್ತಾರೆ.

ಪಂಜರದಲ್ಲಿ ಅಜಾಮೆಥಿಫಾಸ್ ಸ್ನಾನ ನಡೆಯುವುದು ಒಂದು ಗಂಟೆಯೊಳಗೆ, ಆಮೇಲೆ ಮದ್ದು ಕಡಲಲ್ಲಿ ತೆಳುವಾಗುತ್ತದೆ. ಆದ್ದರಿಂದ ಒಂದು ಗಂಟೆ ಮದ್ದಿನಲ್ಲಿಟ್ಟು, ಮತ್ತೆ ಶುದ್ಧ ನೀರಿಗೆ ಹಾಕಿ ಬೆಳೆಸುವ ಇನ್ನೊಂದು ಸಾಲನ್ನೂ ಇಡಿ. ಅರ್ಚಿನ್ ಪಾಸಾಯಿತೆಂದು ಅಲ್ಲಿಗೇ ನಿಲ್ಲಿಸಲೂ ಬೇಡಿ. ಮೀನಿನ ಹೇನು ಸಿಗಡಿ, ಏಡಿಗಳ ನೆಂಟ. ಹೇನಿಗೆಂದು ಮಾಡಿದ ಮದ್ದು ಮೊದಲು ತಟ್ಟುವುದು ಆ ಬಳಗಕ್ಕೇ ಇರಬಹುದು. ಅದಕ್ಕೇ ಕೋಪೆಪಾಡ್, ಅಂದರೆ ಹೇನಿನದೇ ಬಳಗದ ಪುಟ್ಟ ಕಡಲ ಜೀವಿಗಳ ಮರಿಗಳನ್ನೂ ಇದೇ ದ್ರಾವಣಗಳಲ್ಲಿ ಬಿಟ್ಟು ನೋಡಬೇಕು.