ನೀರು ಯಾವ ಕಡೆ ಹರಿಯುತ್ತೆ?

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಮ್ಯಾಪ್ ಅದು) ಹಳ್ಳವಾಗಲಿ ಕಾಲುವೆಯಾಗಲಿ, ಗೆರೆಯನ್ನು ನೀರು ಹರಿಯುವ ದಿಕ್ಕಿಗೇ ಎಳೆಯಬೇಕು. ಮೇಲಿನ ಕೆರೆಯಿಂದ ಶುರು ಮಾಡಿ ಕೆಳಗಿನ ಕೆರೆಯ ಕಡೆಗೆ. ಉಪಗ್ರಹ ಚಿತ್ರ ನೋಡಿಕೊಂಡು ಕೂತಲ್ಲೇ ಎಳೆಯುವವರಿಗೆ ಆ ದಿಕ್ಕು ತಿಳಿಯುವುದು ಕಷ್ಟ. ಮೇಲಿಂದ ನೋಡಿದರೆ ಕಾಲುವೆ ಬರೀ ಒಂದು ಕಪ್ಪು ಗೆರೆ. ಬೆಂಗಳೂರಿನ ನಮ್ಮ ಬನ್ನೇರುಘಟ್ಟ ರಸ್ತೆಯ ಕಡೆ ಇದು ಸಣ್ಣ ವಿಷಯವಲ್ಲ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿಯವರು ಯಾರೂ ಮರೆತಿಲ್ಲ.

ಕಳೆದ ಮಳೆಗಾಲದಲ್ಲಿ ಆ ಕಡೆಯ ಒಂದು ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆ) ದಿಕ್ಕನ್ನು ಹೊಸಬರೊಬ್ಬರು ಮ್ಯಾಪಿನಲ್ಲಿ ತಿರುಗಿಸಿದ್ದರು. ಮಾಡಿದ ಬದಲಾವಣೆಯ ಜೊತೆ ಒಂದು ಟಿಪ್ಪಣಿ ಬರೆಯುವುದು ನಮ್ಮಲ್ಲಿ ರೂಢಿ, ಅದಕ್ಕೆ 255 ಅಕ್ಷರಗಳ ಮಿತಿ. ಇವರ ಟಿಪ್ಪಣಿ ಆ ಮಿತಿ ಮುಟ್ಟಿ ವಾಕ್ಯದ ನಡುವೆಯೇ ನಿಂತುಹೋಗಿತ್ತು. ನಯವಾದ ಇಂಗ್ಲಿಷ್. ಸಮಗ್ರ ಪರಿಶೀಲನೆ, ಭೂಮಟ್ಟ, ದತ್ತಾಂಶದ ಗುಣಮಟ್ಟ, ಎಲ್ಲ ಇತ್ತು. ಯಾವತ್ತು ಹೋಗಿದ್ದರು, ಎಲ್ಲಿ ನಿಂತು ನೋಡಿದರು ಅನ್ನುವುದೊಂದು ಇರಲಿಲ್ಲ. ಇದು ಎಐ ಬರೆದದ್ದು ಎಂದು ಓದುತ್ತಿದ್ದಂತೆಯೇ ಅನಿಸಿತು. ರಿವರ್ಟ್ ಮಾಡಿಬಿಡೋಣ, ಅಂದರೆ ಬದಲಾವಣೆ ರದ್ದು ಮಾಡಿ ಹಳೆಯದನ್ನೇ ತರೋಣ, ಎಂದು ಕೈ ಹೋಗಿತ್ತು.

ಹಾಗೆ ಕೈ ಹೋಗುವುದಕ್ಕೆ ಕಾರಣ ಇತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ ಬೇರೊಬ್ಬರು ಒಂದೇ ಸಂಜೆಯಲ್ಲಿ ನಗರದ ಉದ್ದಗಲಕ್ಕೂ ನೂರಾರು ಜಾಗಗಳಿಗೆ ಕನ್ನಡ ಹೆಸರು ಸೇರಿಸಿದ್ದರು. ನೋಡಿ ಮೊದಲು ಖುಷಿಯಾಯಿತು. ಮ್ಯಾಪಿನಲ್ಲಿ ಕನ್ನಡ ಬರಲಿ ಎಂದು ವರ್ಷಗಟ್ಟಲೆ ಒಂದೊಂದೇ ಹೆಸರು ಸೇರಿಸಿಕೊಂಡು ಬಂದವನು ನಾನು. ಹತ್ತಿರದಿಂದ ಓದಿದಾಗ ಹುಳಿಮಾವು ‘ಹುಲಿಮಾವು’ ಆಗಿತ್ತು. ಬಾಣಸವಾಡಿ ‘ಬನಸ್ವಾಡಿ’, ದೊಮ್ಮಲೂರು ‘ಡೋಮ್ಲೂರ್’, ಕೋಡಿಹಳ್ಳಿ ‘ಕೊಡಿಹಳ್ಳಿ’. ಇಂಗ್ಲಿಷಿನಲ್ಲಿ ಬರೆದ ಹೆಸರಿನಲ್ಲಿ ಲ ಯಾವುದು ಳ ಯಾವುದು, ನ ಯಾವುದು ಣ ಯಾವುದು, ಎಲ್ಲಿ ದೀರ್ಘ ಎಂಬ ಗುರುತೇ ಉಳಿದಿರುವುದಿಲ್ಲ. ಯಂತ್ರ ಊಹೆ ಮಾಡುತ್ತದೆ, ಊಹೆ ಎಂದು ಹೇಳುವುದಿಲ್ಲ. ಕೋಡಿ ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಬೀಳುವ ಜಾಗ. ಒಂದು ದೀರ್ಘ ಬಿಟ್ಟರೆ ಊರಿನ ಹೆಸರಿನಿಂದ ಕೆರೆಯೇ ಕಾಣೆಯಾಗುತ್ತದೆ.

ಎಲ್ಲಿಂದ ತಗೊಂಡಿರಿ ಎಂದು ಕೇಳಿದೆ. ಅಧಿಕೃತ ಮೂಲಗಳೊಂದಿಗೆ ತಾಳೆ ನೋಡಲಾಗಿದೆ ಎಂಬ ಉತ್ತರ ಬಂತು. ಯಾವ ಮೂಲ ಎಂದರೆ ಮತ್ತೆ ಅದೇ ಮಾತು, ಇನ್ನಷ್ಟು ಉದ್ದಕ್ಕೆ. ಇದರಲ್ಲಿ ಇನ್ನೊಂದು ತೊಡಕಿದೆ. ಬೇರೆ ಕಂಪನಿಗಳ ಮ್ಯಾಪ್ ನೋಡಿ ನಾವು ನಕಲು ಮಾಡುವ ಹಾಗಿಲ್ಲ. 2012ರಿಂದ ನಮ್ಮ ಮ್ಯಾಪಿನ ದತ್ತಾಂಶ ಇರುವುದು ಓಡಿಬಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ, ಯಾರು ಬೇಕಾದರೂ ಬಳಸಲಿ ಎಂದು. ಎಐ ಕೊಟ್ಟ ಹೆಸರು ಎಲ್ಲಿಂದ ಬಂತು ಎಂದು ಕೊಟ್ಟವರಿಗೇ ಗೊತ್ತಿಲ್ಲದಿದ್ದರೆ, ಅದನ್ನು ಮುಕ್ತ ಎಂದು ನಾವು ಯಾವ ಬಾಯಲ್ಲಿ ಹೇಳುವುದು?

ಸರಿ ಮಾಡುವುದಕ್ಕೆ ನನಗೆ ನಾಲ್ಕು ಭಾನುವಾರ ಹಿಡಿಯಿತು. ಆ ಖಾತೆಯಿಂದ ಸೇರಿದ ಕನ್ನಡ ಹೆಸರುಗಳನ್ನಷ್ಟೇ ಓವರ್‌ಪಾಸ್ ಟರ್ಬೊ ಎಂಬ ಮ್ಯಾಪ್ ಹುಡುಕುವ ಸಾಧನದಲ್ಲಿ ಹೊರಗೆ ತೆಗೆದೆ. ಲ-ಳ, ನ-ಣ, ಹ್ರಸ್ವ-ದೀರ್ಘದ ಅನುಮಾನ ಇರುವುದನ್ನೆಲ್ಲ ಬೇರೆ ಪಟ್ಟಿ ಮಾಡಿಕೊಂಡು, ನಮ್ಮ ಕಡೆಯದಕ್ಕೆ ನಾನೇ ಬೈಕ್ ಹತ್ತಿದೆ. ದೂರದವಕ್ಕೆ ಆಯಾ ಕಡೆಯ ಗೆಳೆಯರನ್ನು ಕೇಳಿದೆ. ಬಸ್ ಸ್ಟಾಪಿನ ಬೋರ್ಡು, ರಸ್ತೆಯ ಬೋರ್ಡು, ದೇವಸ್ಥಾನದ ಕಮಾನು, ಎಲ್ಲದರ ಫೋಟೊ ತೆಗೆದುಕೊಂಡೆ. ನಾನು ಹೆಚ್ಚು ನಂಬುವುದು ಹಳೆಯ ಸರ್ಕಾರಿ ಶಾಲೆಯ ಬೋರ್ಡನ್ನು. ಅದರಲ್ಲಿ ಊರು, ಹೋಬಳಿ, ತಾಲ್ಲೂಕು ಎಲ್ಲ ಇರುತ್ತದೆ, ಊರಿನ ಹೆಸರು ತಪ್ಪಾಗಿದ್ದರೆ ಮೇಷ್ಟ್ರು ಸುಮ್ಮನೆ ಬಿಟ್ಟಿರುವುದಿಲ್ಲ. ಎರಡು ಬೋರ್ಡಿನಲ್ಲಿ ಎರಡು ಥರ ಇದ್ದರೆ, ಅರಕೆರೆ ಮತ್ತು ಅರೆಕೆರೆ ಎನ್ನುವ ಹಾಗೆ, ಒಂದನ್ನು ಹೆಸರಾಗಿ ಇಟ್ಟು ಇನ್ನೊಂದನ್ನು ಪರ್ಯಾಯ ಹೆಸರಿನ ಟ್ಯಾಗಿಗೆ ಹಾಕಿದೆ. ಬೋರ್ಡೂ ಸಿಗಲಿಲ್ಲ, ಬಲ್ಲವರೂ ಸಿಗಲಿಲ್ಲ ಎನ್ನುವಂಥವನ್ನು ಅಳಿಸಿದೆ. ಖಾಲಿ ಇದ್ದರೆ ಯಾರಾದರೂ ಬಂದು ತುಂಬುತ್ತಾರೆ, ತಪ್ಪು ತುಂಬಿದ್ದರೆ ತಿರುಗಿಯೂ ನೋಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ರಾಜಕಾಲುವೆಯ ಟಿಪ್ಪಣಿ. ರಿವರ್ಟ್ ಮಾಡುವ ಮುಂಚೆ ಒಂದು ಮಾತು ಕೇಳೋಣ ಎಂದು, ಸ್ಥಳಕ್ಕೆ ಹೋಗಿದ್ದಿರಾ ಎಂದು ಇಂಗ್ಲಿಷಿನಲ್ಲಿ ಬರೆದೆ. ಮೂರು ಪ್ಯಾರಾ ಉತ್ತರ ಬಂತು. ಧನ್ಯವಾದದಿಂದ ಶುರುವಾಗಿ ಧನ್ಯವಾದದಲ್ಲೇ ಮುಗಿದಿತ್ತು, ನಡುವೆ ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಯಾಕೋ ಎರಡನೇ ಸಲ ಕನ್ನಡದಲ್ಲಿ ಬರೆದೆ: “ನಮಸ್ಕಾರ. ನೀವು ಆ ಕಡೆಯವರಾ? ಮಳೆ ಬಂದಾಗ ನೀರು ಯಾವ ಕಡೆ ಹೋಗುತ್ತೆ?”

ಮಾರನೇ ದಿನ ಬೆಳಿಗ್ಗೆ ಉತ್ತರ ಇತ್ತು. “ಸರ್ ನಮ್ಮನೆ ಹಿಂದೇನೇ ಹೋಗೋದು. ಜೋರು ಮಳೆ ಬಂದ್ರೆ ಮೇಲ್ಗಡೆ ಕ್ರಾಸಿಂದ ಥರ್ಮೋಕೋಲು ಬಾಟ್ಲಿ ಎಲ್ಲಾ ತೇಲ್ಕೊಂಡು ಬಂದು ನಮ್ಮನೆ ಹತ್ರ ಮೋರಿಲಿ ಸಿಕ್ಕಾಕೊಳತ್ತೆ. ನಾವೇ ಕೋಲಲ್ಲಿ ತೆಗೀತೀವಿ. ಮ್ಯಾಪಲ್ಲಿ ಉಲ್ಟಾ ಇತ್ತು.”

ಆ ಶನಿವಾರವೇ ಹೋಗಿ ನೋಡಿದೆ. ಮೋರಿಯ ಕಂಬಿಗೆ ಸಿಕ್ಕಿಕೊಂಡ ಕಸವೆಲ್ಲ ಒಂದೇ ಪಕ್ಕಕ್ಕಿತ್ತು, ಅವರು ಹೇಳಿದ ಪಕ್ಕಕ್ಕೇ. ಅವರದೇ ಸರಿ. ಹಳೆಯ ಗೆರೆಯನ್ನು ಚಾಟ್‌ಬಾಟ್‌ಗಳೇ ಇಲ್ಲದ ಕಾಲದಲ್ಲಿ ಯಾರೋ ಮ್ಯಾಪರ್ ಉಪಗ್ರಹ ಚಿತ್ರ ನೋಡಿ ಎಳೆದಿದ್ದರು. ಕಣ್ಣಾರೆ ಕಂಡವರ ಮಾತನ್ನು ಅಳಿಸಿ, ನೋಡದವರ ಗೆರೆಯನ್ನು ವಾಪಸ್ ತರಲು ಹೊರಟಿದ್ದೆ.

ಮತ್ತೆ ಯಾಕೆ ಎಐ ಕೈಲಿ ಬರೆಸಿದಿರಿ ಎಂದು ಕೇಳಿದ್ದಕ್ಕೆ, “ಎಲ್ರೂ ಇಂಗ್ಲಿಷಲ್ಲೇ ಬರೀತಾರೆ ಸರ್, ನಂದು ತಪ್ಪಿದ್ರೆ ತೆಗೆದ್ಬಿಡ್ತಾರೆ ಅನ್ಕೊಂಡೆ” ಅಂದರು. ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಬೆಂಗಳೂರಿನ ಮೋರಿಯ ಬಗ್ಗೆ ಬೆಂಗಳೂರಿನವರು ಬೆಂಗಳೂರಿನವರಿಗೆ ಹೇಳಬೇಕಾದರೂ ಇಂಗ್ಲಿಷ್ ಬೇಕು ಎಂಬ ಭಾವನೆ ಹುಟ್ಟಿಸಿದವರು ನಾವೇ ಅಲ್ಲವೇ?

ಈಗ ಇಂಥ ಟಿಪ್ಪಣಿ ಕಂಡರೆ ನಾನು ಎಐ ಬಳಸಿದಿರಾ ಎಂದು ಕೇಳುವುದಿಲ್ಲ. ಕೇಳಿದರೆ ಜನ ಮುದುಡಿಕೊಳ್ಳುತ್ತಾರೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾರೆ. ಕನ್ನಡದಲ್ಲಿ, ಎರಡೇ ಸಾಲಿನಲ್ಲಿ, ಅಲ್ಲಿಗೆ ಹೋದವರಿಗಷ್ಟೇ ಗೊತ್ತಿರುವ ಒಂದು ವಿಷಯ ಕೇಳುತ್ತೇನೆ. ಬೋರ್ಡು ರಸ್ತೆಯ ಯಾವ ಪಕ್ಕಕ್ಕಿದೆ, ಗೇಟು ಯಾವ ಕಡೆಗೆ ತೆರೆಯುತ್ತದೆ, ಎದುರಿಗೆ ಏನಿದೆ. ನೋಡಿದವರು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಎರಡು ಸಲ ಕೇಳಿಯೂ ಜಾಗದ ಮಾತು ಬರದಿದ್ದರೆ ಕಾರಣ ಬರೆದು ರಿವರ್ಟ್ ಮಾಡುತ್ತೇನೆ. ಒಂದೇ ಏಟಿಗೆ ನೂರಾರು ಹೆಸರು ತುಂಬಿದವರಿಗೆ ಮಾತ್ರ ಅಷ್ಟು ಸಮಯ ಕೊಡುವುದಿಲ್ಲ. ಯಂತ್ರದಿಂದ ಸಾರಾಸಗಟಾಗಿ ಬದಲಾವಣೆ ಮಾಡುವ ಮುಂಚೆ ಚರ್ಚಿಸಬೇಕು ಎಂಬ ನಿಯಮ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಕನ್ನಡದಲ್ಲಿ ತಾವೇ ಬರೆದು, ಕೆಳಗೆ ಎಐ ಮಾಡಿದ ಇಂಗ್ಲಿಷ್ ಅನುವಾದ ಹಾಕಿದರೆ ನನ್ನ ತಕರಾರಿಲ್ಲ. ಮೇಲಿನದು ಅವರ ಮಾತಾಗಿರಬೇಕು, ಅಷ್ಟೇ.

ಮೋರಿಯ ಹತ್ತಿರದವರು ಮೊನ್ನೆ ಒಂದು ಫೋಟೊ ಕಳಿಸಿದ್ದರು. ಎರಡು ಕಾಂಪೌಂಡಿನ ನಡುವೆ ಚಪ್ಪಡಿ ಮುಚ್ಚಿದ ಜಾಗ, ಒಂದು ಚಪ್ಪಡಿ ಮುರಿದಿದೆ, ಕೆಳಗೆ ನೀರು ಕಾಣುತ್ತದೆ. “ಸರ್ ಇಲ್ಲೊಂದು ಸಣ್ಣ ಕಾಲುವೆ ಬಂದು ಸೇರತ್ತೆ, ಮ್ಯಾಪಲ್ಲಿ ಇಲ್ಲ. ಎಲ್ಲಿಂದ ಬರತ್ತೋ ನಂಗೂ ಗೊತ್ತಿಲ್ಲ.” ಈ ಭಾನುವಾರ ಇಬ್ಬರೂ ಸೇರಿ ಅದರ ಜಾಡು ಹಿಡಿದು ಮೇಲಕ್ಕೆ ನಡೆಯುವವರಿದ್ದೇವೆ.