ಸೂರ್ಯ ಮುಳುಗಿದ ಮೇಲೆ ಹುಟ್ಟಿದವಳ ವೆತೊನ್

ಮಗಳು ಹುಟ್ಟಿದ್ದು 2018ರ ಮಾರ್ಚ್ 14ರಂದು, ಜಾವಾ ದ್ವೀಪದ ಸೋಲೋ ಊರಿನಲ್ಲಿ. ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದು, "ನಕ್ಷತ್ರ ಯಾವುದು ಬಂತೇ?" ಎಂದು. ಮಾರನೇ ದಿನ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ಬಂದ ಮನೆಯೊಡತಿ ಮಗುವಿನ ಮುಖ ನೋಡಿ ಕೇಳಿದ್ದು, "ವೆತೊನ್ ಯಾವುದು ಮಗಳೇ?" ಎಂದು. ಅವರನ್ನು ನಾವು ಬುದೆ ಎಂದೇ ಕರೆಯುತ್ತಿದ್ದೆವು. ಜಾವಾ ಮಾತಿನಲ್ಲಿ ಬುದೆ ಅಂದರೆ ದೊಡ್ಡಮ್ಮ. ಸಾವಿರಾರು ಮೈಲಿ ಆಚೀಚೆ ಇದ್ದ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. ಅಮ್ಮನಿಗೆ ಉತ್ತರ ಕೊಡಲು ಪಂಚಾಂಗ ಇತ್ತು. ಬುದೆಗೆ ಉತ್ತರ ಕೊಡಲು ನಾನೇ ಲೆಕ್ಕ ಕಲಿಯಬೇಕಾಯಿತು.

ನಮ್ಮವರು ಅಲ್ಲಿನ ಜವಳಿ ಗಿರಣಿಯಲ್ಲಿದ್ದರು. ನಾನು ಲಾವೆಯಾನ್ ಬಡಾವಣೆಯ ಒಂದು ಬಾಟಿಕ್ ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೋಲೋ ಊರಲ್ಲಿ ಪಾಸಾರ್ ಲೆಗಿ, ಪಾಸಾರ್ ಪೊನ್, ಪಾಸಾರ್ ಕ್ಲಿವೊನ್ ಎಂಬ ಜಾಗಗಳಿವೆ. ಇವು ಯಾರೋ ದೊಡ್ಡವರ ಹೆಸರಿರಬೇಕು ಎಂದೇ ಎರಡು ವರ್ಷ ಅಂದುಕೊಂಡಿದ್ದೆ. ಅವು ವಾರದ ಹೆಸರುಗಳು. ಜಾವಾದವರಿಗೆ ನಮ್ಮಂತೆ ಏಳು ದಿನದ ವಾರ ಒಂದು, ಅದರ ಜೊತೆಗೇ ಐದು ದಿನದ ಇನ್ನೊಂದು ವಾರ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ನಮ್ಮ ಕಡೆ ಊರೂರಿಗೆ ಸೋಮವಾರದ ಸಂತೆ, ಶುಕ್ರವಾರದ ಸಂತೆ ಇರುವ ಹಾಗೆ ಅವರ ಸಂತೆಗಳು ಈ ಐದು ದಿನಕ್ಕೆ ಸುತ್ತುತ್ತಿದ್ದವು. ಪಾಸಾರ್ ಎಂದರೇ ಸಂತೆ, ಈ ವಾರಕ್ಕೆ ಹೆಸರೂ ಪಾಸಾರನ್. ಯೋಗ್ಯಕರ್ತಾದ ಕೋಟಗೆಡೆ ಸಂತೆಯಲ್ಲಿ ಇವತ್ತಿಗೂ ಲೆಗಿ ದಿನ ಕಾಲಿಡಲು ಜಾಗವಿರುವುದಿಲ್ಲ.

ಎರಡು ವಾರಗಳನ್ನು ಜೋಡಿಸಿದರೆ 35 ದಿನಕ್ಕೊಮ್ಮೆ ಅದೇ ಜೋಡಿ ಮರಳುತ್ತದೆ. ನೀವು ಹುಟ್ಟಿದ ದಿನದ ಜೋಡಿಯೇ ನಿಮ್ಮ ವೆತೊನ್. 'ವೆತು' ಅಂದರೆ ಹೊರಬರುವುದು, ಹುಟ್ಟುವುದು. ಪ್ರತಿ ದಿನಕ್ಕೂ ನೆಪ್ತು ಎಂಬ ಬೆಲೆಯಿದೆ. ಭಾನು 5, ಸೋಮ 4, ಮಂಗಳ 3, ಬುಧ 7, ಗುರು 8, ಶುಕ್ರ 6, ಶನಿ 9. ಆ ಕಡೆ ಲೆಗಿ 5, ಪಾಹಿಂಗ್ 9, ಪೊನ್ 7, ವಾಗೆ 4, ಕ್ಲಿವೊನ್ 8. ಎರಡನ್ನೂ ಕೂಡಿದರೆ ಕನಿಷ್ಠ 7, ಗರಿಷ್ಠ 18. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡೆ.

ಲೆಕ್ಕ ಶುರುಮಾಡಲು ವೆತೊನ್ ಗೊತ್ತಿರುವ ಒಂದು ತಾರೀಖು ಬೇಕು. ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದ 1945ರ ಆಗಸ್ಟ್ 17 ಶುಕ್ರವಾರ ಲೆಗಿ ಎಂಬುದು ಅಲ್ಲಿ ಹಿರಿಯರ ಬಾಯಲ್ಲೇ ಇರುತ್ತದೆ. ಮೊಲೆಯುಣ್ಣುತ್ತಾ ಮಗು ನಿದ್ದೆ ಹೋದ ಮೇಲೆ ಒಂದೇ ಕೈಯಲ್ಲಿ ದಿನ ಎಣಿಸಿದೆ. ಅಂದಿನಿಂದ ಮಗಳು ಹುಟ್ಟಿದ ತಾರೀಖಿಗೆ 26,507 ದಿನ. ಏಳರಿಂದ ಭಾಗಿಸಿದರೆ ಶೇಷ 5, ಶುಕ್ರವಾರದಿಂದ ಐದು ದಿನ ಮುಂದೆ, ಬುಧವಾರ. ಐದರಿಂದ ಭಾಗಿಸಿದರೆ ಶೇಷ 2, ಲೆಗಿಯಿಂದ ಎರಡು ದಿನ ಮುಂದೆ, ಪೊನ್. ಬುಧವಾರ ಪೊನ್, ಏಳು ಮತ್ತು ಏಳು ಹದಿನಾಲ್ಕು. ಪ್ರಿಂಬೋನ್ ಎಂಬ ಶಕುನ–ಲೆಕ್ಕಗಳ ಹೊತ್ತಗೆಗಳಲ್ಲಿ 14ಕ್ಕೆ 'ಲಾಕುನಿಂಗ್ ರೆಂಬುಲನ್' ಎನ್ನುತ್ತಾರೆ, ಚಂದ್ರನ ನಡೆ. ನೊಂದವರಿಗೆ ತಂಪೆರೆಯುವ ಸ್ವಭಾವ. ನನಗೆ ಹಿಗ್ಗೋ ಹಿಗ್ಗು. ಮಗಳನ್ನು 'ಚಂದ್ರಿ' ಎಂದು ಕರೆಯಲು ಶುರುಮಾಡಿದೆ.

ಬುದೆಯ ದೊಡ್ಡಪ್ಪ ಒಬ್ಬರಿದ್ದರು, ಎಂಬತ್ತು ದಾಟಿದವರು. ಕೇರಿಯವರೆಲ್ಲ ಅವರನ್ನು ಮ್ಬಾ, ಅಂದರೆ ಅಜ್ಜ, ಎನ್ನುತ್ತಿದ್ದರು. ನನ್ನ ಚೀಟಿ ನೋಡಿ ತಲೆದೂಗಿದರು. ಕೂಡಿದ್ದು, ಭಾಗಿಸಿದ್ದು ಎಲ್ಲ ಸರಿ ಎಂದರು. ಆಮೇಲೆ ಒಂದೇ ಮಾತು ಕೇಳಿದರು: "ಎಷ್ಟು ಹೊತ್ತಿಗೆ?"

ಸಂಜೆ ಆರೂ ನಲವತ್ತು ಎಂದೆ.

"ಹಾಗಾದರೆ ಇವಳು ಗುರುವಾರದವಳು."

ನಮ್ಮ ಪಂಚಾಂಗದಲ್ಲಿ ವಾರ ಹುಟ್ಟುವುದು ಸೂರ್ಯೋದಯಕ್ಕೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವನ್ನು ಹಿಂದಿನ ವಾರಕ್ಕೆ ಸೇರಿಸುವುದನ್ನು ಅಜ್ಜಿಯ ಕಾಲದಿಂದ ಕಂಡವಳು ನಾನು. ಜಾವಾದಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ. ಸಂಜೆಯ ಬಾಂಗ್ ಕೂಗಿದ ಮೇಲಿನ ಹೊತ್ತೆಲ್ಲ ನಾಳೆಯದು. ಬುಧವಾರ ಪೊನ್ ಹೋಗಿ ಗುರುವಾರ ವಾಗೆ ಆಯಿತು. ಎಂಟು ಮತ್ತು ನಾಲ್ಕು ಹನ್ನೆರಡು. ಅದು 'ಆರಸ್ ಕೆಂಬಾಂಗ್'. ಕೆಂಬಾಂಗ್ ಅಂದರೆ ಹೂವು, ಜನ ಹತ್ತಿರ ಬಂದು ಪ್ರೀತಿಸುವ ಸ್ವಭಾವ. ಒಂಬತ್ತು ತಿಂಗಳು ಹೊತ್ತು ಹೆತ್ತವಳು ಹೊತ್ತನ್ನೇ ಲೆಕ್ಕಕ್ಕೆ ತರದೆ ಹೋದೆನಲ್ಲ ಎಂದು ಅವತ್ತು ನಿಜಕ್ಕೂ ಸಂಕಟವಾಯಿತು.

ಅಜ್ಜ ಸಮಾಧಾನಕ್ಕೆಂಬಂತೆ ಹಳೆಯ ವಾರದ ಹೆಸರುಗಳನ್ನು ನಿಧಾನವಾಗಿ ಹೇಳಿದರು: ದಿತೆ, ಸೋಮ, ಅಂಗಾರ, ಬುದ, ವ್ರೆಸ್ಪತಿ, ಸುಕ್ರ, ತುಂಪಕ್. ಶನಿವಾರ ಒಂದನ್ನು ಬಿಟ್ಟರೆ ಉಳಿದ ಆರೂ ನಮ್ಮವೇ. ಆದಿತ್ಯ, ಅಂಗಾರಕ, ಬೃಹಸ್ಪತಿ. ಮೈ ಜುಮ್ಮೆಂದಿತು. ಅಲ್ಲಿಯೂ ಶಕ ವರ್ಷವೇ ನಡೆಯುತ್ತಿತ್ತು. 1633ರಲ್ಲಿ ಮತರಾಮಿನ ಸುಲ್ತಾನ್ ಅಗುಂಗ್ ಶಕ 1555 ಎಂಬ ಎಣಿಕೆಯನ್ನು ಹಾಗೇ ಮುಂದುವರಿಸಿ, ತಿಂಗಳುಗಳನ್ನು ಮಾತ್ರ ಇಸ್ಲಾಮಿನ ಚಾಂದ್ರಮಾನಕ್ಕೆ ಹೊಂದಿಸಿದ. ಐದು ದಿನದ ವಾರವನ್ನು ಮುಟ್ಟಲಿಲ್ಲ. ಐದು ಹೊತ್ತು ನಮಾಜು ಮಾಡುವ ಅಜ್ಜ ಅಂಗಾರ, ಸುಕ್ರ ಎನ್ನುವುದು ಹೀಗೆ ಉಳಿದುಬಂದದ್ದು.

ಸ್ವಭಾವ ಸರಿ, ಹಣೆಬರಹ? ಅದನ್ನೂ ಕೇಳಿದೆ. ಅಜ್ಜ ಬಾಯಲ್ಲಿ ಹೇಳಲಿಲ್ಲ, ಎರಡು ತಾರೀಖು ಕೊಟ್ಟು ಲೆಕ್ಕ ಮಾಡಿಕೊಂಡು ಬಾ ಎಂದರು. ಮೊದಲನೆಯದು 1901ರ ಜೂನ್ 6, ಇಂಡೋನೇಷ್ಯಾದ ಮೊದಲ ಅಧ್ಯಕ್ಷ ಸುಕರ್ನೋ ಹುಟ್ಟಿದ್ದು. ಗುರುವಾರ ಪೊನ್, ಎಂಟು ಮತ್ತು ಏಳು ಹದಿನೈದು. 15ಕ್ಕೆ 'ಲಾಕುನಿಂಗ್ ಸ್ರೆಂಗೆಂಗೆ', ಸೂರ್ಯನ ನಡೆ. ಬೆಳಕು ಕೊಡುವವರು, ತಮ್ಮ ಶಾಖ ಸುತ್ತಲಿನವರಿಗೆ ತಟ್ಟುವಂಥವರು. ಅವರನ್ನು ಜನ 'ಮುಂಜಾವಿನ ಮಗ' ಎಂದು ಕರೆದದ್ದು ನೆನಪಾಗಿ ಖುಷಿಯಾಯಿತು. ಎರಡನೆಯದು 1921ರ ಜೂನ್ 8, ಸುಹಾರ್ತೋ ಹುಟ್ಟಿದ್ದು. ಬುಧವಾರ ಕ್ಲಿವೊನ್, ಏಳು ಮತ್ತು ಎಂಟು. ಅದೂ ಹದಿನೈದು!

ಇಬ್ಬರದೂ ಸೂರ್ಯನ ನಡೆಯೇ. ಒಬ್ಬರು ದೇಶಕ್ಕೆ ಸ್ವಾತಂತ್ರ್ಯ ಸಾರಿದವರು, ಗೃಹಬಂಧನದಲ್ಲೇ 1970ರಲ್ಲಿ ಕಣ್ಮುಚ್ಚಿದವರು. ಇನ್ನೊಬ್ಬರು ಅವರ ಕುರ್ಚಿಯನ್ನು ತೆಗೆದುಕೊಂಡು ಮೂರು ದಶಕ ಆಳಿ, 1998ರಲ್ಲಿ ಇಳಿದವರು. ಚೀಟಿ ಹಿಡಿದು ಹೋದಾಗ ಅಜ್ಜ 'ಲಾಕು' ಎಂಬ ಪದದ ಮೇಲೆ ಬೆರಳಿಟ್ಟರು. ಲಾಕು ಅಂದರೆ ನಡೆ. ಕನ್ನಡದಲ್ಲಿ ನಡೆ ಅಂದರೆ ನಡಿಗೆಯೂ ಹೌದು, ನಡತೆಯೂ ಹೌದು. ಜಾವಾ ಮಾತಿನಲ್ಲೂ ಹಾಗೇ. ಯಾವ ರೀತಿ ನಡೆಯುತ್ತೀಯ ಎಂಬುದನ್ನು ನೆಪ್ತು ಹೇಳುತ್ತದೆ, ಎಲ್ಲಿಗೆ ಎಂಬುದನ್ನಲ್ಲ ಎಂದು ನಾನು ತಿಳಿದುಕೊಂಡದ್ದು ಆ ಹೊತ್ತಿನಲ್ಲಿ.

ಏಪ್ರಿಲ್ 19ಕ್ಕೆ ಮಗಳಿಗೆ 35 ದಿನ, ಮೊದಲ ಗುರುವಾರ ವಾಗೆ. ಅದಕ್ಕೆ ಸೆಲಪಾನನ್ ಎನ್ನುತ್ತಾರೆ. ಮಗುವಿನ ಕೂದಲು, ಉಗುರು ಅವತ್ತೇ ತೆಗೆಯುವುದು. ಅಡುಗೆಯನ್ನು ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಬುದೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಏಳು ಬಗೆಯ ತರಕಾರಿ ಸೊಪ್ಪು ಬೇಯಿಸಬೇಕು. ಏಳಕ್ಕೆ ಅವರ ಮಾತಿನಲ್ಲಿ 'ಪಿತು', ನೆರವಿಗೆ 'ಪಿತುಲುಂಗನ್', ಮಗುವಿಗೆ ಎಲ್ಲರ ನೆರವು ಸಿಗಲಿ ಎಂದು. ಅಲಸಂದೆ ಕಾಯಿಯನ್ನು ನಾನು ಅಭ್ಯಾಸಬಲದಿಂದ ಹೆಚ್ಚಲು ಹೊರಟೆ. ಬುದೆ ಕೈ ಹಿಡಿದರು: "ಅದನ್ನು ಕತ್ತರಿಸಬೇಡ ಮಗಳೇ, ಆಯಸ್ಸು ಅದು." ಉದ್ದಕ್ಕೇ ಬೇಯಿಸಿ ಸುರುಳಿ ಸುತ್ತಿಟ್ಟೆವು. ತೆಂಗಿನ ತುರಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಕೆಂಚೂರದ ಗಡ್ಡೆ ಅರೆದು ಕಲಸಿ ಹಬೆಯಲ್ಲಿ ಬೇಯಿಸಿದೆ. ಕಲಸುವ ಕೈಗೆ ನಮ್ಮ ಪಲ್ಯದ ತೆಂಗಿನಕಾಯಿಯದೇ ನೆನಪು. ಬೆಲ್ಲದ ಕೆಂಪು ಗಂಜಿ, ಬಿಳಿ ಗಂಜಿ, ಬೇಯಿಸಿದ ಮೊಟ್ಟೆ. ಬಿದಿರಿನ ದುಂಡು ಮೊರಕ್ಕೆ ಬಾಳೆ ಎಲೆ ಹಾಸಿ ಎಲ್ಲವನ್ನೂ ಅದರಲ್ಲೇ ಬಡಿಸಿ, ಕೇರಿಯ ಮಕ್ಕಳನ್ನು ಕರೆದೆವು. ಹದಿನೈದು ಮಕ್ಕಳು ಮೊರದ ಸುತ್ತ ಕೂತು ಖಾಲಿ ಮಾಡಲು ಐದು ನಿಮಿಷ ಸಾಕಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾಟಿಕ್ ಮನೆಯಲ್ಲಿ ಮೇಣದ ಗೆರೆ ಎಳೆಯುವ, ನನ್ನನ್ನು 'ಬು', ಅಂದರೆ ಅಮ್ಮ, ಎನ್ನುತ್ತಿದ್ದ ಹುಡುಗಿಯೊಬ್ಬಳು, ನನಗೆ ಲೆಕ್ಕ ಬರುತ್ತದೆ ಎಂದು ಕೇಳಿ, ತನ್ನದೂ ತನ್ನ ಹುಡುಗನದೂ ತಾರೀಖು ತಂದುಕೊಟ್ಟಳು. ಅವಳದು ಸೋಮವಾರ ವಾಗೆ, 8. ಅವನದು ಮಂಗಳವಾರ ಪೊನ್, 10. ಮದುವೆಗೆ ಎರಡನ್ನೂ ಕೂಡಿ ಪಟ್ಟಿ ನೋಡುತ್ತಾರೆ. 18ಕ್ಕೆ ಬರುವುದು 'ಪೆಗಾತ್', ಬೇರ್ಪಡುವಿಕೆ. ನಾನು ಪಟ್ಟಿಯಲ್ಲಿದ್ದದ್ದನ್ನು ಓದಿ ಹೇಳಿಬಿಟ್ಟೆ. ಅವಳು ಏನೂ ಅನ್ನದೆ ಒಲೆಯ ಮುಂದೆ ಹೋಗಿ ಕೂತಳು. ಅವತ್ತು ಅವಳೆಳೆದ ಗೆರೆಗಳೆಲ್ಲ ಒಡೆದಿದ್ದವು. ವಾರವಾದರೂ ಊಟಕ್ಕೆ ಜೊತೆಗೆ ಬರಲಿಲ್ಲ.

ಅಜ್ಜನ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಬಯ್ಯಲಿಲ್ಲ. "ಹೊತ್ತು ಕೇಳಿದ್ದೆಯಾ?" ಎಂದರು. ಮಗಳ ವಿಷಯದಲ್ಲಿ ಎಡವಿದ ಜಾಗದಲ್ಲೇ ಮತ್ತೆ ಎಡವಿದ್ದೆ, ಈ ಸಲ ಬೇರೆಯವರ ಮಗಳ ಬದುಕಿನಲ್ಲಿ. ಹುಡುಗಿಯ ತಾಯಿಯನ್ನು ಕೇಳಿದರೆ, ಸಂಜೆ ಬಾಂಗ್ ಮುಗಿದು ದೀಪ ಹಚ್ಚಿದ ಮೇಲೆ ಹುಟ್ಟಿದ್ದು ಎಂದರು. ಹಾಗಾದರೆ ಅವಳು ಮಂಗಳವಾರ ಕ್ಲಿವೊನ್‌ನವಳು, ಮೂರು ಮತ್ತು ಎಂಟು ಹನ್ನೊಂದು. ಇಬ್ಬರದೂ ಸೇರಿ 21, ಪಟ್ಟಿಯಲ್ಲಿ 'ಜೊದೊ', ತಕ್ಕ ಜೋಡಿ. ಓಡಿ ಹೋಗಿ ಹೇಳಿದೆ. ಅವಳು ನಕ್ಕಳು, ಆದರೆ ಆ ಒಂದು ವಾರ ಅವಳು ನಿದ್ದೆಗೆಟ್ಟಿದ್ದನ್ನು ನಾನು ವಾಪಸು ಕೊಡಲಾರೆ. ಹೊತ್ತು ಬದಲಾಗದೆ 18ರಲ್ಲೇ ನಿಂತಿದ್ದರೆ? ಪೂರ್ವ ಜಾವಾದ ಕೆಲವು ಕಡೆ ವಾಗೆಯವರಿಗೂ ಪಾಹಿಂಗಿನವರಿಗೂ ಮದುವೆಯೇ ಕೂಡದು ಎನ್ನುತ್ತಾರೆ. ಅದಕ್ಕಾಗಿ ಮುರಿದುಬಿದ್ದ ಜೋಡಿಗಳ ಕಥೆಯನ್ನು ಬುದೆಯೇ ಹೇಳಿದ್ದಾರೆ. ನಮ್ಮಲ್ಲಿ ಜಾತಕ ಕೂಡಲಿಲ್ಲ ಎಂದು ಬಿಟ್ಟುಕೊಟ್ಟ ಸಂಬಂಧಗಳನ್ನು ನಾನೂ ಕಂಡಿದ್ದೇನೆ. ಅಂದಿನಿಂದ ಮದುವೆಯ ಲೆಕ್ಕವನ್ನು ಯಾರು ಕೇಳಿದರೂ ಹಾಕಿಲ್ಲ.

ಮಗಳದನ್ನು ಬಿಟ್ಟಿಲ್ಲ. ಈಗ ಬೆಂಗಳೂರಿಗೆ ಬಂದಿದ್ದೇವೆ. ಇಲ್ಲೂ 35 ದಿನಕ್ಕೊಮ್ಮೆ, ಬುಧವಾರ ಸಂಜೆ ದೇವರ ದೀಪ ಹಚ್ಚಿದ ಮೇಲೆ, ಒಂದು ಲೋಟ ಅಕ್ಕಿಯಲ್ಲಿ ಕೆಂಪು ಗಂಜಿ, ಬಿಳಿ ಗಂಜಿ ಮಾಡುತ್ತೇನೆ. ಅವಳಿಗೆ ಕೆಂಪೇ ಬೇಕು.

ಹೋದ ವರ್ಷ ಆ ಹುಡುಗಿಗೆ ಗಂಡುಮಗು ಆಯಿತು. ವಾಟ್ಸಾಪಿನಲ್ಲಿ ಫೋಟೋ ಬರುವ ಮೊದಲೇ ಒಂದು ಸಾಲು ಬಂತು: ಸಂಜೆ ಐದೂ ಇಪ್ಪತ್ತು, ಬು, ಸೂರ್ಯ ಇನ್ನೂ ಮುಳುಗಿರಲಿಲ್ಲ.